ಗೋಧಿ ಒಗ್ಗದ ಹೊಟ್ಟೆಯ ಹಳೆಯ ಕಥೆ



ಹೋಳಿಗೆಯ ಕಣಕ ನಾದಿ ನೆನೆಯಿಟ್ಟರೆ ಎಳೆದಷ್ಟೂ ಬರುತ್ತದಲ್ಲವೆ? ಜೋಳದ ಹಿಟ್ಟು ಹಾಗೆ ಬರುವುದಿಲ್ಲ. ಎಸರು ಹೊಯ್ದು ನಾದಿ ಕೈಯಿಂದ ತಟ್ಟಬೇಕು. ಗೋಧಿಯ ಆ ಎಳೆಯುವ ಅಂಟಿಗೆ ಗ್ಲುಟೆನ್ ಎಂದು ಹೆಸರು. ಬಾರ್ಲಿಯಲ್ಲಿಯೂ ಅದೇ ಜಾತಿಯ ಅಂಟುಂಟು. ಜೋಳ, ಸಜ್ಜೆ, ನವಣೆ, ಅಕ್ಕಿ, ತೊಗರಿಗಳಲ್ಲಿ ಇಲ್ಲ.

ಕೆಲವರಿಗೆ ಇದು ಆಗಿಬರುವುದಿಲ್ಲ. ಚಪಾತಿ ತಿಂದ ದಿನ ಹೊಟ್ಟೆ ಉಬ್ಬರ, ಭೇದಿ, ಮೈಯಲ್ಲಿ ಸೋಲು. ಪರೀಕ್ಷೆ ಮಾಡಿಸಿದರೆ ಏನೂ ಇಲ್ಲ ಅಂತ ಚೀಟಿ ಬರುತ್ತದೆ. ಮನೆ ಮಂದಿ, ಅದರಲ್ಲೂ ಸೊಸೆಯಾದರೆ, ನಖರಾ ಅಂತಾರೆ. ಆಕೆಯದು ನಖರಾ ಅಲ್ಲದಿರಬಹುದು, ಚೀಟಿಯೂ ಸುಳ್ಳಲ್ಲದಿರಬಹುದು. ಇದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಲಬುರಗಿಯಿಂದ ಹುಮನಾಬಾದ ದಾರಿ ಹಿಡಿದರೆ ಸಿಗುವ ಕಮಲಾಪುರದ ಕೆಂಪು ಬಾಳೆ ನಿಮಗೆ ಗೊತ್ತೇ ಇದೆ. ಬಾಳೆಹಣ್ಣಿಗೂ ಈ ಕಾಯಿಲೆಗೂ ಒಂದು ನಂಟುಂಟು. ತಿಂದದ್ದು ಮೈಗೆ ಹತ್ತದೆ, ಹೊಟ್ಟೆ ಊದಿ, ಕೈಕಾಲು ಸೊರಗುವ ಮಕ್ಕಳ ಈ ರೋಗವನ್ನು 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ವಿವರಿಸಿ ಬರೆದರು. ಅದಕ್ಕೆ ಸೀಲಿಯಾಕ್ ಎಂದು ಹೆಸರು. ಕಾರಣ ಮಾತ್ರ ಗೊತ್ತಿರಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯರು ಇಂಥ ಮಕ್ಕಳಿಗೆ ಬ್ರೆಡ್ಡು ಬಿಡಿಸಿ ಬಾಳೆಹಣ್ಣು ತಿನ್ನಿಸಿದರು. ಮಕ್ಕಳು ಚೇತರಿಸಿಕೊಂಡವು. ಬಾಳೆಹಣ್ಣಿನಲ್ಲೇ ಔಷಧಿಯ ಗುಣವುಂಟೆಂದು ಅವರು ನಂಬಿದರು. ಗುಣವಾದದ್ದು ಹಣ್ಣಿನಿಂದಲ್ಲ, ಬ್ರೆಡ್ಡು ಬಿಟ್ಟದ್ದರಿಂದ! ವಾಸಿಯಾಯಿತೆಂದು ಬ್ರೆಡ್ಡು ತಿನ್ನತೊಡಗಿದ ಮಕ್ಕಳಲ್ಲಿ ರೋಗ ತಿರುಗಿ ಬಂತು. ಏನು ತಿಂದೆವು ಎಂಬುದನ್ನು ನೋಡುತ್ತೇವೆ, ಏನು ಬಿಟ್ಟೆವು ಎಂಬುದನ್ನು ಮರೆಯುತ್ತೇವೆ, ಅವರೂ ಹಾಗೆಯೇ.

ನಿಜವಾದ ಗುಟ್ಟು ಒಡೆದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಗೋಧಿಯ ಮೇಲೆ ಅವರಿಗೆ ಮೊದಲೇ ಸಂಶಯವಿತ್ತು. 1944–45ರ ಚಳಿಗಾಲದಲ್ಲಿ ಯುದ್ಧದಿಂದ ಆ ದೇಶಕ್ಕೆ ಭಯಂಕರ ಬರ ಬಂತು, ಬ್ರೆಡ್ಡು ಸಿಗದಾಯಿತು. ಊರೆಲ್ಲ ಹಸಿದಿರುವಾಗ ಈ ರೋಗದ ಮಕ್ಕಳು ಕೆಡಲಿಲ್ಲ. ಬ್ರೆಡ್ಡು ಮತ್ತೆ ಬಂದಾಗ ಕೆಟ್ಟವು. 1950ರಲ್ಲಿ ಡಿಕ್ಕೆಯವರು ಇದನ್ನು ಪ್ರಬಂಧವಾಗಿ ಮಂಡಿಸಿದರು. 1956–57ರ ಸುಮಾರಿಗೆ ನಳಿಗೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ನೋಡುವುದು ಸಾಧ್ಯವಾಯಿತು. 1997ರಲ್ಲಿ ಸಿಕ್ಕ ಸುಳಿವಿನಿಂದ ಇಂದಿನ ರಕ್ತ ಪರೀಕ್ಷೆ ಬಂತು.

ಇಷ್ಟಾದರೂ ಲೆಕ್ಕಕ್ಕೆ ಸಿಗದವರು ಉಳಿದೇ ಉಳಿದರು. 1978ರಲ್ಲಿಯೂ 1980ರಲ್ಲಿಯೂ ಇಂಗ್ಲೆಂಡಿನ ವೈದ್ಯರು ಇಂಥ ಹೆಂಗಸರ ವಿಷಯ ಬರೆದರು: ಸೀಲಿಯಾಕ್ ಅಲ್ಲ, ಆದರೆ ಗೋಧಿ ಬಿಟ್ಟರೆ ಭೇದಿ ನಿಲ್ಲುತ್ತದೆ. ಇದಕ್ಕೆ ಇಂದಿಗೂ ಖಾತ್ರಿ ಪರೀಕ್ಷೆಯಿಲ್ಲ. 2018ರಲ್ಲಿ ನಾರ್ವೆಯವರು ಇಂಥ 59 ಮಂದಿಗೆ ಯಾವುದೆಂದು ಹೇಳದೆ ಬೇರೆ ಬೇರೆ ತಿನಿಸು ಕೊಟ್ಟು ನೋಡಿದರು. ಹೆಚ್ಚು ತೊಂದರೆ ಕಂಡದ್ದು ಗ್ಲುಟೆನ್ನಿನಿಂದಲ್ಲ, ಫ್ರಕ್ಟಾನ್ ಎಂಬ ಪಿಷ್ಟದಂಥ ಪದಾರ್ಥದಿಂದ. ಅದು ಗೋಧಿಯಲ್ಲಿ ಉಂಟು; ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲಿಯೂ ಉಂಟು. ಚಪಾತಿಗೆ ಬೈದು ಪಲ್ಯದ ಉಳ್ಳಾಗಡ್ಡಿಯನ್ನು ಬಿಟ್ಟವರುಂಟು ನೋಡಿರಿ.

ಇನ್ನು ನಮ್ಮ ಸೀಮೆ. ಇಲ್ಲಿ ಗೋಧಿ ಹಬ್ಬದ ಕಾಳಾಗಿತ್ತು: ಹೋಳಿಗೆ, ಹುಗ್ಗಿ, ಮಾದಲಿ. ದಿನದ ಊಟ ಜೋಳದ್ದು. 1956ರ ಪಿ.ಎಲ್. 480 ಒಪ್ಪಂದದಿಂದ ಅಮೆರಿಕೆಯ ಗೋಧಿ ಹಡಗಿನಲ್ಲಿ ದೇಶಕ್ಕೆ ಬಂತು. 1966ರಲ್ಲಿ ಮೆಕ್ಸಿಕೋದ ಗಿಡ್ಡ ತಳಿಯ 18,000 ಟನ್ ಬೀಜ ಬಂತು. ಈಗ ಕಲಬುರಗಿಯ ಬೇಕರಿಯ ಬನ್ನು, ಬಿಸ್ಕೀಟು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಉತ್ತರ ಭಾರತದವರ ದಿನದ ಗೋಧಿ ಸುಮಾರು 455 ಗ್ರಾಂ, ದಕ್ಷಿಣದವರದು ಸುಮಾರು 25 ಗ್ರಾಂ. ರೋಗದ ಗುರುತು ರಕ್ತದಲ್ಲಿ ಕಂಡದ್ದು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ಸಾವಿರಕ್ಕೆ 1. ರೋಗಕ್ಕೆ ಎಡೆಗೊಡುವ ವಂಶಗುಣ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಮೂರರಲ್ಲಿ ಒಬ್ಬರಿಗೆ.

ಇಲ್ಲೇ ತೊಡಕು ಇರುವುದು. ಆ ರಕ್ತ ಪರೀಕ್ಷೆಯೂ ಕರುಳಿನ ಪರೀಕ್ಷೆಯೂ ಫಲಿಸುವುದು ದಿನವೂ ಗೋಧಿ ತಿನ್ನುವವರಲ್ಲಿ. ವಾರಕ್ಕೊಮ್ಮೆ ಚಪಾತಿ ತಿನ್ನುವವರಿಗೆ, ಸಂಶಯ ಬಂದು ಗೋಧಿ ಬಿಟ್ಟು ಆರು ತಿಂಗಳಾದವರಿಗೆ, ರೋಗವಿದ್ದರೂ ಚೀಟಿಯಲ್ಲಿ ‘ಇಲ್ಲ’ ಎಂದು ಬರಬಹುದು. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಬಿಡುವುದು. ಮೊದಲೇ ಬಿಟ್ಟಿದ್ದರೆ ಹಾಗೆಂದು ಡಾಕ್ಟರಿಗೆ ಹೇಳಿರಿ. ಕಡಿಮೆಯೆಂದರೆ ಆರು ವಾರ ದಿನಾಲು ಗೋಧಿ ತಿಂದು ಬರಲು ಅವರು ಹೇಳಬಹುದು. ಅದನ್ನು ತಾಳಲಾರದವರಿಗೆ ವಂಶಗುಣದ ಪರೀಕ್ಷೆಯುಂಟು: ಗುಣವಿಲ್ಲವೆಂದು ಬಂದರೆ ಸೀಲಿಯಾಕ್ ಬಹುಮಟ್ಟಿಗೆ ಇಲ್ಲ, ಉಂಟೆಂದು ಬಂದರೆ ಮಾತ್ರ ಏನೂ ಸಿದ್ಧವಾಗುವುದಿಲ್ಲ. ಮಗು ಬೆಳೆಯದಿದ್ದರೆ, ರಕ್ತ ಕಡಿಮೆಯಿದ್ದು ಗುಳಿಗೆಗೆ ಏರದಿದ್ದರೆ, ತೂಕ ಇಳಿಯುತ್ತಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಮನೆಯಲ್ಲೇ ಪಥ್ಯ ಮಾಡುತ್ತ ಕೂಡಬೇಡಿರಿ.

ಎಲ್ಲ ನೋಡಿದ ಮೇಲೂ ಸೀಲಿಯಾಕ್ ಅಲ್ಲವೆಂದಾದರೆ, ಡಾಕ್ಟರನ್ನು ಕೇಳಿ ಆರು ವಾರ ಗೋಧಿ ಬಿಟ್ಟು, ಮತ್ತೆ ತಿಂದು, ಎರಡನ್ನೂ ಬರೆದಿಟ್ಟು ನೋಡಬಹುದು. ಇಂಥವರಿಗೆ ಅಲ್ಪಸ್ವಲ್ಪ ಗೋಧಿ ನಡೆದೀತು. ಸೀಲಿಯಾಕ್ ಆದವರಿಗೆ ಚಿಟಿಕೆಯೂ ನಡೆಯದು. ಖಪಲಿ, ಸದಕ ಎನ್ನುವ ಹಳೆ ಗೋಧಿಯಾದರೆ ಬಾಧಕವಿಲ್ಲವೆಂದು ಕೆಲವರು ಹೇಳುತ್ತಾರೆ. ನಂಬಬೇಡಿರಿ, ಅದರಲ್ಲಿಯೂ ಅಂಟುಂಟು. ಅಂಗಡಿಯ ಇಂಗಿಗೆ ಬಹಳ ಕಡೆ ಮೈದಾ ಸೇರಿಸಿರುತ್ತಾರೆ. ಡಬ್ಬಿಯ ಮೇಲೆ ಬರೆದದ್ದನ್ನು ಮಕ್ಕಳಿಂದ ಓದಿಸಿರಿ. ಇನ್ನು ಗಿರಣಿ. ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ನಿಮ್ಮ ರೊಟ್ಟಿಯಲ್ಲಿ ಗೋಧಿ ಬಂದೇ ಬರುತ್ತದೆ. ಜೋಳಕ್ಕೇ ಬೇರೆ ಕಲ್ಲಿರುವ ಗಿರಣಿ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಮನೆಯ ಬೀಸುಕಲ್ಲನ್ನು ತೊಳೆದು ಒಣಗಿಸಿ, ಆ ಒಬ್ಬರ ಪಾಲಿನ ಜೋಳವನ್ನಾದರೂ ಅದರಲ್ಲೇ ಬೀಸಿಕೊಳ್ಳಿರಿ.