ವಿಜ್ಞಾನಕಥಾ ಸರಣಿಗಳ ಚಿತ್ರರೂಪಾಂತರ: ಕನ್ನಡ ಮತ್ತು ಹಾವೇರಿ ಸೀಮೆ

ವರ್ಷಗಟ್ಟಲೆ ಕಂತುಕಂತಾಗಿ ಬೆಳೆದ ವಿಜ್ಞಾನಕಥೆಯೊಂದನ್ನು ಚಿತ್ರಪುಸ್ತಕವಾಗಿ ಇಲ್ಲವೇ ಚಲಿಸುವ ಚಿತ್ರವಾಗಿ ಮತ್ತೆ ಕಟ್ಟುವ ಕೆಲಸ. ಜಪಾನಿನಲ್ಲಿ ಅಚ್ಚಿನ ಚಿತ್ರಕಥೆಗೆ ಮಂಗಾ ಎಂದೂ ತೆರೆಯ ಮೇಲಿನದಕ್ಕೆ ಅನಿಮೆ ಎಂದೂ ಹೆಸರು. ಕನ್ನಡದಲ್ಲಿ ಪುಸ್ತಕವಾದರೆ ಕಾಮಿಕ್ಸ್, ಟಿವಿಯಲ್ಲಿ ಬಂದರೆ ಕಾರ್ಟೂನು, ಅಷ್ಟೇ. ಕನ್ನಡದಲ್ಲಿ ಈ ಕೆಲಸ ಅರ್ಧವೇ ನಡೆದಿದೆ. ಚಿತ್ರ ಹೊರಗಿನಿಂದ ಸಿದ್ಧವಾಗಿ ಬಂತು. ನಾವು ಬದಲಿಸಿದ್ದು ಅದರೊಳಗಿನ ಮಾತನ್ನು ಮಾತ್ರ. ಹಾವೇರಿ ಸೀಮೆಗೆ ಇದು ಇನ್ನೂ ಎದ್ದು ಕಾಣಬೇಕು, ಏಕೆಂದರೆ ಹೊರಗಿನ ಕಥೆಯನ್ನು ತಂದು ಬುಡದಿಂದಲೇ ಕನ್ನಡದ್ದಾಗಿ ಮಾಡುವ ವಿದ್ಯೆಯನ್ನು ಕನ್ನಡ ಓದುಗರಿಗೆ ತೋರಿಸಿಕೊಟ್ಟವರಲ್ಲಿ ಪ್ರಮುಖರೊಬ್ಬರು ಇಲ್ಲಿಯವರೇ.

ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥ ಗ್ರಾಮದ ವೆಂಕಟೇಶ ತಿರಕೊ ಕುಲಕರ್ಣಿ (1869–1942) ತಮ್ಮ ಊರಿನ ಹೆಸರಿನಿಂದಲೇ ಪ್ರಸಿದ್ಧರು. ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಜೀವಾಳ ಅವರೇ. ಮರಾಠಿಯ ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’ವನ್ನು ಎತ್ತಿಕೊಂಡು ಅವರು ಬರೆದದ್ದು ‘ಕನ್ನಡಿಗರ ಕರ್ಮಕಥೆ’. ಹೆಸರನ್ನೇ ಗಮನಿಸಬೇಕು. ವಿಜಯನಗರದ ಪತನ ಮೂಲದಲ್ಲಿ ಒಂದು ಸಿಡಿಲಿನ ಹೊಡೆತ. ಕನ್ನಡದಲ್ಲಿ ಅದು ಓದುವವನ ಮನೆಯದೇ ಕರ್ಮ. ಅಚ್ಚಾದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಎಂಬುದು ಈ ಕಡೆ ಎಲ್ಲರೂ ಬಲ್ಲ ಮಾತು. ಗಳಗನಾಥರು ವಿಜ್ಞಾನಕಥೆ ಬರೆದವರಲ್ಲ, ಕಾಮಿಕ್ಸ್ ಪುಸ್ತಕವಂತೂ ಅವರ ಕಾಲಕ್ಕೆ ಕನ್ನಡಕ್ಕೆ ಬಂದೇ ಇರಲಿಲ್ಲ. ಆದರೂ ಅನುವಾದ ಎಲ್ಲಿ ಮುಗಿದು ರೂಪಾಂತರ ಎಲ್ಲಿ ಶುರುವಾಗುತ್ತದೆ ಎಂದು ಅಳೆಯಲು ಈ ವಿಷಯದಲ್ಲಿ ಅವರಿಗಿಂತ ಒಳ್ಳೆಯ ಗಜಕಡ್ಡಿ ಸಿಗದು.

ಕನ್ನಡಕ್ಕೆ ಕಾಮಿಕ್ಸ್ ಪುಸ್ತಕ ಬಂದ ಕಥೆಯಲ್ಲಿ ಒಂದು ವಿಚಿತ್ರವಿದೆ. ಅಮರ ಚಿತ್ರಕಥೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕಾರ್ಕಳ ಮೂಲದ ಅನಂತ ಪೈ ಮತ್ತು ಅವರ ‘ಕೃಷ್ಣ’. ಆ ಪುಸ್ತಕದ ಕ್ರಮಸಂಖ್ಯೆ ಒಂದಲ್ಲ, ಹನ್ನೊಂದು. ಹಿಂದಿನ ಹತ್ತು ಎಲ್ಲಿ ಹೋದವು? ಅವು ಕನ್ನಡದವು. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಒತ್ತಾಯದಿಂದ ಸಿಂಡರೆಲ್ಲಾಳಂಥ ಪಾಶ್ಚಾತ್ಯ ಕಥೆಗಳ ಚಿತ್ರಪುಸ್ತಕಗಳು ಕನ್ನಡದ ಮಾತು ತುಂಬಿಕೊಂಡು ಅಚ್ಚಾದವು. ದೇಶದ ಅತಿ ಪ್ರಸಿದ್ಧ ಚಿತ್ರಕಥಾ ಮಾಲೆ ಹೀಗೆ ಕನ್ನಡದಲ್ಲಿ ಹುಟ್ಟಿತು. ಚಿತ್ರ ಅವರದು, ಅಕ್ಷರ ನಮ್ಮದು ಎಂಬ ಪದ್ಧತಿಯೂ ಆಗಲೇ ಹುಟ್ಟಿತು.

ಅದೇ 1965ರಲ್ಲಿ ಹೊರಟ ‘ಸುಧಾ’ ವಾರಪತ್ರಿಕೆ ಕನ್ನಡ ಓದುಗರಿಗೆ ಫ್ಯಾಂಟಮ್‌ನ ಚಟ ಹತ್ತಿಸಿತು. ವಾರಕ್ಕೊಮ್ಮೆ ಒಂದಿಷ್ಟು ಚೌಕ, ಕೊನೆಯ ಚೌಕದಲ್ಲಿ ಒಂದು ಗಂಡಾಂತರ, ಮುಂದಿನ ವಾರದವರೆಗೆ ಉಸಿರು ಬಿಗಿಹಿಡಿದು ಕಾಯುವುದು. 1964ರ ಮಾರ್ಚ್‌ನಲ್ಲಿ ಆರಂಭವಾಗಿ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಹಲವು ಭಾರತೀಯ ಭಾಷೆಗಳಲ್ಲಿ ಹೊರಬಂದಿತು. ಅದರ ಪುಟಗಳಲ್ಲಿ ಫ್ಯಾಂಟಮ್, ಮಾಂಡ್ರೇಕರ ಜೊತೆ ಫ್ಲಾಶ್ ಗಾರ್ಡನ್ ಕೂಡ ಇದ್ದ. ನಮ್ಮ ವಿಷಯಕ್ಕೆ ನೇರವಾಗಿ ಸೇರುವವನು ಇವನೇ. ಅಲೆಕ್ಸ್ ರೇಮಂಡ್ 1934ರ ಜನವರಿಯಲ್ಲಿ ಪತ್ರಿಕೆಗಾಗಿ ಬಿಡಿಸತೊಡಗಿದ ಈ ಸರಣಿಯಲ್ಲಿ ಮಾಂಗೋ ಎಂಬ ಗ್ರಹ, ಮಿಂಗ್ ಎಂಬ ಕ್ರೂರ ಚಕ್ರವರ್ತಿ, ರಾಕೆಟ್ಟು ಎಲ್ಲ ಇದ್ದವು. ಭಾರತದ ಎಷ್ಟೋ ಮಕ್ಕಳು ಬಾಹ್ಯಾಕಾಶ ನೌಕೆಯನ್ನು ಮೊದಲು ಕಂಡದ್ದು ಇಂಥ ಪುಟಗಳಲ್ಲಿ.

ಇಂಥ ಪುಟವನ್ನು ಕನ್ನಡಕ್ಕೆ ತಿರುಗಿಸುವುದರಲ್ಲಿ ತೊಡಕಿರುವುದು ಕಥೆಯಲ್ಲಿ ಅಲ್ಲ, ಮಾತಿನ ಗುಳ್ಳೆಯಲ್ಲಿ. ಗುಳ್ಳೆಯ ಅಳತೆ ಮೂಲ ಭಾಷೆಗೆ ತಕ್ಕಂತೆ ಮೊದಲೇ ಗೊತ್ತಾಗಿರುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ; ಇಂಗ್ಲಿಷಿನ ನಾಲ್ಕು ಸಾಲು ಕೂರುವ ಜಾಗದಲ್ಲಿ ಕನ್ನಡದ ಮೂರು ಸಾಲು ಕೂರಿಸುವುದೇ ಕಷ್ಟ. ಆಮೇಲೆ ನಮ್ಮ ಕ್ರಿಯಾಪದಗಳ ಉದ್ದ. ‘ತಪ್ಪಿಸಿಕೊಳ್ಳುತ್ತಿದ್ದಾನೆ’ ಎಂಬ ಒಂದೇ ಪದ ಗುಳ್ಳೆಯನ್ನು ಒಡೆದು ಹೊರಗೆ ಬರುತ್ತದೆ. ಅನುವಾದಕರು ಕಂಡುಕೊಂಡ ದಾರಿ ಗಟ್ಟಿ ಗ್ರಾಂಥಿಕ ಕನ್ನಡ: “ನಿಲ್ಲು, ದುಷ್ಟ!” “ಓಡಿ! ಯಂತ್ರ ಸ್ಫೋಟಗೊಳ್ಳಲಿದೆ!” ರಾಣೆಬೆನ್ನೂರಿನ ಹುಡುಗ ಅದೇ ಗಂಡಾಂತರದಲ್ಲಿ ಕೂಗುವುದು “ಓಡ್ರಲೇ, ಮಷಿನ್ ಸಿಡಿತೈತಿ!” ಎಂದು. ಇದು ಗುಳ್ಳೆಯಲ್ಲೂ ಸಲೀಸಾಗಿ ಕೂರುತ್ತಿತ್ತು. ಆದರೆ ಆ ಕಾಲಕ್ಕೆ ಅಚ್ಚಿನ ಕನ್ನಡ ಎಂದರೆ ಮೈಸೂರು ಕಡೆಯದು. ರಾಕೆಟ್ಟಿನಲ್ಲಿ ಕೂತವನು ‘ಐತಿ’ ಎನ್ನುವುದನ್ನು ಯಾವ ಸಂಪಾದಕರೂ ಊಹಿಸಲಿಲ್ಲ. ಇದು ದೊಡ್ಡ ತಪ್ಪೇ ಎಂದು ಈ ಲೇಖಕನ ಅಭಿಪ್ರಾಯ.

ಹೊರಗಿನಿಂದ ಬಂದರೂ ನಮ್ಮದೇ ಎನಿಸಿಕೊಂಡ ದೀರ್ಘ ಸರಣಿ ಒಂದೇ: ಡಿಂಗ. ಮೂಲ ಮಲಯಾಳದ್ದು. 1983ರಲ್ಲಿ ‘ಬಾಲಮಂಗಳಂ’ ಮಕ್ಕಳ ಪತ್ರಿಕೆಯಲ್ಲಿ ಎನ್. ಸೋಮಶೇಖರನ್ ಬರೆದು, ಬೇಬಿ ಚಿತ್ರ ಬಿಡಿಸಿದ ‘ಡಿಂಕನ್’ ಒಂದು ಕಾಡಿನ ಇಲಿ. ಅನ್ಯಗ್ರಹದವರು ಅದನ್ನು ಹೊತ್ತೊಯ್ದು ಅದರ ಮೇಲೆ ಪ್ರಯೋಗ ನಡೆಸುತ್ತಾರೆ; ಇಲಿಗೆ ಅಪಾರ ಶಕ್ತಿ ಬರುತ್ತದೆ; ಅದು ಕಾಡಿಗೆ ಮರಳಿ ದುರ್ಬಲರ ರಕ್ಷಣೆಗೆ ನಿಲ್ಲುತ್ತದೆ. ಅನ್ಯಲೋಕದ ಜೀವಿ, ಪ್ರಯೋಗ, ದೇಹದ ಬದಲಾವಣೆ: ವಿಜ್ಞಾನಕಥೆಯ ಮುಖ್ಯ ಸರಕೆಲ್ಲ ಇದರಲ್ಲಿದೆ, ಹೊರಗೆ ಮಾತ್ರ ಪಂಚತಂತ್ರದ ಅಂಗಿ. ಕನ್ನಡದ ‘ಬಾಲಮಂಗಳ’ದಲ್ಲಿ ಅವನು ಡಿಂಗನಾಗಿ ಬಂದ, ಒಂದಿಡೀ ತಲೆಮಾರಿನ ಮಕ್ಕಳಿಗೆ ಮನೆಮಾತಾದ. ‘ಡಿಂಕನ್’ ಎಂಬ ಹೆಸರನ್ನು ಮೊಟಕುಗೊಳಿಸಿದ್ದು ಸಣ್ಣ ಕೆಲಸವೆನಿಸಬಹುದು, ಆದರೆ ಪಾತ್ರ ಬದುಕಿದ್ದು ಅದರಿಂದ. ಕೇರಳದಲ್ಲಿ 2008ರ ಸುಮಾರಿಗೆ ವಿಚಾರವಾದಿಗಳು ಡಿಂಕನನ್ನೇ ದೇವರೆಂದು ಘೋಷಿಸಿ ತಮಾಷೆಗೆ ಒಂದು ಧರ್ಮ ಕಟ್ಟಿದರು. ಕನ್ನಡದಲ್ಲಿ ಅಷ್ಟು ದೂರ ಯಾರೂ ಹೋಗಲಿಲ್ಲ. ಮಲಯಾಳದ ಪತ್ರಿಕೆ 2012ರಲ್ಲಿ ನಿಂತಿತು. ಈ ಲೇಖಕ ಡಿಂಗನ ಪುಟವೊಂದನ್ನು ಕೊನೆಯ ಸಲ ಕಂಡದ್ದು ಬ್ಯಾಡಗಿಯ ಸಂತೆಯಲ್ಲಿ, ಮಿರ್ಚಿ ಕಟ್ಟಿಕೊಟ್ಟ ಕಾಗದವಾಗಿ. ಎಣ್ಣೆ ಹೀರಿದ ಕಡೆ ಹಿಂದಿನ ಪುಟದ ಚಿತ್ರ ಮುಂದಕ್ಕೆ ಮೂಡಿ, ಇಲಿಯ ಮೈಮೇಲೆ ಪದಬಂಧದ ಚೌಕಗಳು ಬಿದ್ದಿದ್ದವು.

ಇನ್ನು ಜಪಾನಿನಲ್ಲಿ ಇದೇ ಕೆಲಸ ಹೇಗೆ ನಡೆಯಿತೆಂದು ನೋಡಬೇಕು. ಅಮೆರಿಕದ ಎಡ್ಮಂಡ್ ಹ್ಯಾಮಿಲ್ಟನ್ 1940ರಿಂದ ಅಗ್ಗದ ಕಾಗದದ ಪತ್ರಿಕೆಯಲ್ಲಿ ಬರೆದ ‘ಕ್ಯಾಪ್ಟನ್ ಫ್ಯೂಚರ್’ ತನ್ನ ನಾಡಿನಲ್ಲಿ ಬಹುತೇಕ ಮರೆತುಹೋಗಿತ್ತು. ತೋಯಿ ಸಂಸ್ಥೆ ಅದನ್ನು 1978ರ ನವೆಂಬರಿನಿಂದ 52 ಕಂತುಗಳ ಅನಿಮೆಯಾಗಿ ಕಟ್ಟಿತು. ಆರಿಸಿಕೊಂಡದ್ದು ಹದಿಮೂರು ಕಾದಂಬರಿ. ಒಂದೊಂದಕ್ಕೆ ನಾಲ್ಕು ಕಂತು. ಲೆಕ್ಕ ಸರಿ, ಆದರೆ ಕಥೆಯನ್ನು ಹಾಗೇ ಬಿಡಲಿಲ್ಲ. ನೌಕೆಗೆ ಹೊಸ ರೂಪ ಕೊಟ್ಟರು; ನೋಡುವ ಮಕ್ಕಳಿಗೆ ತಮ್ಮ ವಯಸ್ಸಿನವನೊಬ್ಬ ಬೇಕೆಂದು ಮೂಲದಲ್ಲಿಲ್ಲದ ಕೆನ್ ಎಂಬ ಹುಡುಗನನ್ನು ಒಳಗೆ ಸೇರಿಸಿದರು. ಆ ಅನಿಮೆ ಆಮೇಲೆ ಫ್ರಾನ್ಸ್, ಜರ್ಮನಿಗಳಲ್ಲಿ ಮನೆಮನೆಗೂ ಗೊತ್ತಾಯಿತು. ಬರೆದ ಹ್ಯಾಮಿಲ್ಟನ್ ಅದನ್ನು ನೋಡಲು ಇರಲಿಲ್ಲ, 1977ರಲ್ಲೇ ತೀರಿಕೊಂಡಿದ್ದರು. ಇ.ಇ. ಸ್ಮಿತ್‌ರ ‘ಲೆನ್ಸ್‌ಮನ್’ ಸರಣಿಯನ್ನು 1984ರಲ್ಲಿ ಇದೇ ರೀತಿ ಚಲನಚಿತ್ರವಾಗಿಯೂ ಟಿವಿ ಸರಣಿಯಾಗಿಯೂ ತಂದರು. ಅಲ್ಲಿ ನಾಯಕ ದೂರದ ಗ್ರಹವೊಂದರ ರೈತರ ಹುಡುಗನಾಗಿಬಿಟ್ಟ. ಆ ಹೊತ್ತಿಗೆ ‘ಸ್ಟಾರ್ ವಾರ್ಸ್’ ನೋಡಿದ್ದ ಪ್ರೇಕ್ಷಕರಿಗೆ ಯಾವುದು ರುಚಿಸುತ್ತದೆಂದು ತಯಾರಕರಿಗೆ ಚೆನ್ನಾಗಿ ಗೊತ್ತಿತ್ತು. ಮೂಲವನ್ನು ಪ್ರೀತಿಸಿದ ಓದುಗರಿಗೆ ಇದು ಹಿಡಿಸಬೇಕೆಂದೇನೂ ಇಲ್ಲ.

ಸ್ವಂತ ಸರಣಿಯನ್ನು ಎತ್ತಿಕೊಂಡಾಗ ಅವರ ತಾಳ್ಮೆ ಇನ್ನೂ ದೊಡ್ಡದು. ಯೋಶಿಕಿ ತನಾಕಾ 1982ರಿಂದ 1987ರವರೆಗೆ ಹತ್ತು ಸಂಪುಟಗಳಲ್ಲಿ ಬರೆದ, ನಕ್ಷತ್ರ ಸಾಮ್ರಾಜ್ಯಗಳ ಯುದ್ಧದ ಕಾದಂಬರಿ ‘ಗಿಂಗಾ ಎಯ್ಯೂ ದೆನ್ಸೆತ್ಸು’. ಹೆಸರಿಗೆ ಆಕಾಶಗಂಗೆಯ ವೀರರ ಕಥೆ ಎಂದು ಅರ್ಥ. 1988ರಿಂದ 1997ರವರೆಗೆ ಇದು 110 ಕಂತುಗಳ ಅನಿಮೆಯಾಯಿತು, ಅದೂ ಟಿವಿಗಾಗಿ ಅಲ್ಲ, ವಿಡಿಯೊ ಕ್ಯಾಸೆಟ್ಟಾಗಿ. ಹಣ ಕೊಟ್ಟು ತರಿಸಿಕೊಳ್ಳುವ ನೋಡುಗ ಇದ್ದಾನೆಂಬ ನಂಬಿಕೆಯ ಮೇಲೆ ಇಡೀ ಯೋಜನೆ ನಿಂತಿತ್ತು. ಚಂದಾದಾರರನ್ನು ನಂಬಿ ಕಾದಂಬರಿ ಅಚ್ಚು ಹಾಕಿದ ಅಗಡಿಯ ಆನಂದವನದವರಿಗೆ ಇದು ಹೊಸ ಮಾತಾಗುತ್ತಿರಲಿಲ್ಲ. ಅದೇ ಕಾದಂಬರಿ ಬೇರೆ ಬೇರೆ ಕಲಾವಿದರ ಕೈಯಲ್ಲಿ ಎರಡು ಸಲ ಮಂಗಾ ಆಗಿದೆ, 2018ರಿಂದ ಇನ್ನೊಮ್ಮೆ ಹೊಸದಾಗಿ ಅನಿಮೆಯೂ ಆಗಿದೆ. ನಮ್ಮಲ್ಲಿ ಒಂದೇ ಅಭಿಮನ್ಯು ಕಾಳಗವನ್ನು ಪ್ರತಿ ಊರಿನ ದೊಡ್ಡಾಟದ ಮೇಳ ತನ್ನದೇ ರೀತಿಯಲ್ಲಿ ಆಡಿತೋರಿಸುವ ಹಾಗೆ.

ಮಂಗಾವನ್ನು ಕನ್ನಡಕ್ಕೆ ತರಲು ಹೊರಟವರಿಗೆ ಗುಳ್ಳೆಯ ತೊಡಕು ಹಿಂದೆ ಹೇಳಿದ್ದಕ್ಕಿಂತ ಹೆಚ್ಚು. ಜಪಾನಿ ಬರಹ ಮೇಲಿಂದ ಕೆಳಕ್ಕೆ ಇಳಿಯುವುದರಿಂದ ಅವರ ಗುಳ್ಳೆಗಳು ಬದನೆಕಾಯಿಯಂತೆ ಉದ್ದಕ್ಕೆ, ಸಣಕಲಾಗಿ ಇರುತ್ತವೆ. ಅಡ್ಡಕ್ಕೆ ಹರಿಯುವ ಕನ್ನಡಕ್ಕೆ ಅಲ್ಲಿ ಸಾಲಿಗೆ ಒಂದು ಪದವೂ ಹಿಡಿಯದು. ಪುಟ ಓದುವುದು ಬಲದಿಂದ ಎಡಕ್ಕೆ. ಸದ್ದುಗಳು ಚಿತ್ರದೊಳಗೇ ಬೆರೆತಿರುತ್ತವೆ, ಕಿತ್ತು ತೆಗೆಯಲು ಬಾರದಂತೆ. ಈ ಕೊನೆಯದರಲ್ಲಿ ಮಾತ್ರ ಕನ್ನಡಕ್ಕೆ ಬಡತನವಿಲ್ಲ: ಧಡಾರ್, ಸೊಂಯ್, ಗಿರಗಿರ, ಪಟಾರ್, ಚುಂಯ್ ಎಂದು ಸದ್ದಿಗೊಂದು ಪದ ನಮ್ಮ ಬಾಯಲ್ಲೇ ಇದೆ. ಇಂಗ್ಲಿಷಿನವರು ಈ ವಿಷಯದಲ್ಲಿ ಒದ್ದಾಡಿದಷ್ಟು ನಾವು ಒದ್ದಾಡಬೇಕಾಗಿಲ್ಲ.

ತೆರೆಯ ಮೇಲಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. ನಿಪ್ಪಾನ್ ಅನಿಮೇಶನ್ 1989ರಲ್ಲಿ ತಯಾರಿಸಿದ ‘ಜಂಗಲ್ ಬುಕ್’ 1990ರ ದಶಕದ ದೂರದರ್ಶನದಲ್ಲಿ ಭಾನುವಾರದ ಹೊತ್ತಿಗೆ ಹಿಂದಿಯಲ್ಲಿ ಬಂತು; ಹಿಂದಿ ಬಾರದ ಮನೆಗಳಲ್ಲೂ ಮಕ್ಕಳು ಮೋಗ್ಲಿಯನ್ನು ಬಿಡಲಿಲ್ಲ. ಅದು ಅನಿಮೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 1960ರ ದಶಕದ ಕನ್ನಡ ಚಳವಳಿಯಿಂದ ಬೆಳೆದು ಬಂದ, ಹೊರಗಿನ ಚಿತ್ರಕ್ಕೆ ಕನ್ನಡದ ಮಾತು ಕೂಡಿಸಬಾರದೆಂಬ ಡಬ್ಬಿಂಗ್ ವಿರೋಧಕ್ಕೆ ಕಾನೂನಿನ ಬಲ ಇರಲಿಲ್ಲವಾದರೂ ಕಟ್ಟುಪಾಡಿನ ಬಲವಿತ್ತು. 2009ರಲ್ಲಿ ಬಂದ ಚಿಂಟು ಟಿವಿಯಲ್ಲಿ ಹೊರಗಿನ ಕಾರ್ಟೂನುಗಳು ಕನ್ನಡ ಮಾತಾಡಿದವು. ದೊಡ್ಡವರ ಚಿತ್ರಗಳಿಗೆ ಬಾಗಿಲು ತೆರೆದದ್ದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ. ವಿರೋಧಕ್ಕೆ ತಕ್ಕ ಕಾರಣಗಳಿದ್ದವು. ಚಿಕ್ಕ ಮಾರುಕಟ್ಟೆಯ ಕಲಾವಿದರ ಹೊಟ್ಟೆಪಾಡು ಅದರಲ್ಲಿತ್ತು. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಬರೆದಿಡಬೇಕು: ರಾಕೆಟ್ಟು, ರೋಬೋಟು, ಕಾಲಯಾನಗಳ ಬಗ್ಗೆ ತೆರೆಯ ಮೇಲೆ ಕನ್ನಡದಲ್ಲಿ ಮಾತಾಡಿ ಅಭ್ಯಾಸವೇ ಆಗಲಿಲ್ಲ. 2025ರ ಜನವರಿಯಲ್ಲಿ ಯೂಗೊ ಸಾಕೊ ಅವರ ಜಪಾನಿ-ಭಾರತೀಯ ‘ರಾಮಾಯಣ’ ಮತ್ತೆ ಚಿತ್ರಮಂದಿರಕ್ಕೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಅನಿಮೆ ಚಿತ್ರ ಬಂದಾಗಲೂ ಹಾಗೇ. ಎರಡು ಸಲವೂ ಕನ್ನಡ ಇರಲಿಲ್ಲ. ನಡುವೆ ಜುಲೈನಲ್ಲಿ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಅನಿಮೇಶನ್ ಚಿತ್ರ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ಬಂದು ಜನ ಮುಗಿಬಿದ್ದರು. ಪ್ರೇಕ್ಷಕರಿಲ್ಲ ಎಂಬ ನೆವ ಅಲ್ಲಿಗೆ ಮುಗಿಯಿತು.

ಹಾವೇರಿ ಜಿಲ್ಲೆಯಲ್ಲಿ ಚಿತ್ರ ಬಿಡಿಸುವವರ ಕೊರತೆಯೂ ಇಲ್ಲ. ಶಿಗ್ಗಾಂವಿ ತಾಲೂಕಿನ ಕಲಾವಿದ ಟಿ.ಬಿ. ಸೊಲಬಕ್ಕನವರ ದೊಡ್ಡಾಟಕ್ಕೆ ಹೊಸ ಕಾಲದ ವೇಗ ಕೊಟ್ಟವರು. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕನ್ನೂ ಡಾ. ರಾಜ್‌ಕುಮಾರ್ ಅವರ ಸಿನಿಮಾ ಪಾತ್ರಗಳನ್ನೂ ಆಳೆತ್ತರದ ಪ್ರತಿಮೆಗಳಾಗಿ ನಿಲ್ಲಿಸಿದರು. 2020ರಲ್ಲಿ ತೀರಿಕೊಂಡರು. ಒಂದು ಮಾಧ್ಯಮದ ಕಥೆಯನ್ನು ಇನ್ನೊಂದರಲ್ಲಿ ಕಡೆದಿಡುವುದಕ್ಕೆ ಜಿಲ್ಲೆಯಲ್ಲಿ ಆ ಗಾರ್ಡನ್ನಿಗಿಂತ ದೊಡ್ಡ ಉದಾಹರಣೆ ಇಲ್ಲ. ಭವಿಷ್ಯದ ಮಾತಂತೂ ಈ ಸೀಮೆಗೆ ಹೊಸದೇ ಅಲ್ಲ: ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರ್ಣಿಕ ನುಡಿದರೆ, ಮಳೆಗೂ ರಾಜಕಾರಣಕ್ಕೂ ಅದರ ಅರ್ಥ ಹಚ್ಚುತ್ತ ಜನ ವರ್ಷಪೂರ್ತಿ ಮಾತಾಡುತ್ತಾರೆ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲೇ ವಿಜ್ಞಾನಕಥೆ ಬರೆದಿಟ್ಟಿದ್ದಾರೆ. ಆದರೂ ಕನ್ನಡದ ವಿಜ್ಞಾನ ಕಾದಂಬರಿಯೊಂದೂ ಈವರೆಗೆ ಅನಿಮೆಯಾಗಿಲ್ಲ.

ಈ ಚರಿತ್ರೆಯ ಆಕರಗಳು ಸಂಗ್ರಹಾಲಯಗಳಲ್ಲಿ ಇರುವುದಕ್ಕಿಂತ ಮನೆಯ ಅಟ್ಟಗಳಲ್ಲೇ ಹೆಚ್ಚು. 1965ರ ಆ ಹತ್ತು ಕನ್ನಡ ಪುಸ್ತಕಗಳಾಗಲಿ, ‘ಸುಧಾ’ದಿಂದ ಕತ್ತರಿಸಿ ಹೊಲಿದಿಟ್ಟ ಫ್ಯಾಂಟಮ್ ಆಗಲಿ, ‘ಬಾಲಮಂಗಳ’ದ ಹಳೆಯ ಸಂಚಿಕೆಗಳಾಗಲಿ ನಿಮ್ಮಲ್ಲಿ ಉಳಿದಿದ್ದರೆ ರದ್ದಿಯವನಿಗೆ ಹಾಕಬೇಡಿ; ಹತ್ತಿರದ ಗ್ರಂಥಾಲಯಕ್ಕೋ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೋ ಒಂದು ಮಾತು ತಿಳಿಸಿ.