ಟೆರಿಫೈ: ನಡುಕದಿಂದ ಹುಟ್ಟಿದ ಕ್ರಿಯಾಪದ

ಟೆರಿಫೈ ಇಂಗ್ಲಿಷಿನ ಒಂದು ಸಕರ್ಮಕ ಕ್ರಿಯಾಪದ. ವಿಪರೀತವಾಗಿ ಹೆದರಿಸು, ಭಯದಿಂದ ನಡುಗುವಂತೆ ಮಾಡು ಎಂದು ಅದರ ಅರ್ಥ. ಹೆದರಿಕೆಗೆ ಇಂಗ್ಲಿಷಿನಲ್ಲಿ ಬೇರೆ ಕ್ರಿಯಾಪದಗಳೂ ಇವೆ. ಸ್ಕೇರ್ ಎಂಬುದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಫ್ರೈಟನ್ ಎಂಬುದರ ಬೇರು ಹಳೆಯ ಇಂಗ್ಲಿಷಿನಲ್ಲೇ ಇದೆ. ಟೆರಿಫೈ ಲ್ಯಾಟಿನ್ ಮೂಲದ್ದು. ಕತ್ತಲಲ್ಲಿ ಬೆಕ್ಕು ಹಾರಿದಾಗ ಬೆಚ್ಚಿಬೀಳುತ್ತೇವಲ್ಲ, ಅದಕ್ಕೆ ಸ್ಕೇರ್ ಸಾಕು. ಜೀವ ಬಾಯಿಗೆ ಬಂದು ಜಂಘಾಬಲವೇ ಉಡುಗಿಹೋಗುವ ಹೊತ್ತಿಗೆ ಟೆರಿಫೈ ಬೇಕು.

ಲ್ಯಾಟಿನ್‌ನಲ್ಲಿ ಇದರ ರೂಪ ತೆರ್ರಿಫಿಕಾರೆ. ಮೊದಲ ಅರ್ಧ ತೆರ್ರೆರೆ, ಅಂದರೆ ಭಯಪಡಿಸು. ಉಳಿದರ್ಧ ಫಾಕೆರೆ, ಅಂದರೆ ಮಾಡು. ತೆರ್ರೆರೆಯ ಹಿಂದೆ ಇನ್ನೂ ಹಳೆಯ ಇಂಡೋ-ಯುರೋಪಿಯನ್ ಧಾತುವೊಂದಿದೆ: ತ್ರೆಸ್. ಅದರ ಅರ್ಥ ಹೆದರು ಎಂದಲ್ಲ, ನಡುಗು ಎಂದು. ಭಯವೆಂಬುದು ಮನಸ್ಸಿನ ಸ್ಥಿತಿಯ ಹೆಸರಾಗುವ ಮೊದಲು ಮೈಯ ಕಂಪನವಾಗಿತ್ತು ಎಂಬುದನ್ನು ಈ ಪದ ಸಾವಿರಾರು ವರ್ಷಗಳಿಂದ ಹೊತ್ತು ತಂದಿದೆ. ಗ್ರೀಕ್ ಭಾಷೆಯಲ್ಲೂ ಈ ಧಾತುವಿನ ಮಕ್ಕಳಿದ್ದಾರೆ. ಕ್ರಿ.ಪೂ. 480ರ ಥರ್ಮಾಪಿಲೈ ಕಾಳಗದಿಂದ ಜೀವಂತ ಮರಳಿದ ಸ್ಪಾರ್ಟಾದ ಅರಿಸ್ಟೊಡೆಮಸ್‌ನನ್ನು ಊರಿನವರು ಹಳಿಯುತ್ತಿದ್ದುದು 'ನಡುಗಿದವನು' ಎಂಬ ಹೆಸರಿನಿಂದ, ಇದೇ ಧಾತುವಿನಿಂದ ಹುಟ್ಟಿದ ಪದದಿಂದ. ಮರುವರ್ಷ ಪ್ಲಾಟೇಯದ ಯುದ್ಧದಲ್ಲಿ ಅವನು ಹುಚ್ಚೆದ್ದವನಂತೆ ಕಾದಿ ಸತ್ತ. ಹೀಗೆಂದು ಬರೆದಿಟ್ಟವನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್.

ಸಂಸ್ಕೃತದಲ್ಲಿ ಈ ಧಾತು 'ತ್ರಸ್'. ತ್ರಸತಿ ಎಂದರೆ ನಡುಗುತ್ತಾನೆ, ತ್ರಾಸಯತಿ ಎಂದರೆ ನಡುಗಿಸುತ್ತಾನೆ. ಲ್ಯಾಟಿನ್‌ನ ತೆರ್ರೆರೆ ಮತ್ತು ಸಂಸ್ಕೃತದ ತ್ರಾಸಯತಿ ರಚನೆಯಲ್ಲೂ ಅರ್ಥದಲ್ಲೂ ಒಂದೇ ಅಚ್ಚಿನವು, ಎರಡೂ ಪ್ರೇರಣಾರ್ಥಕಗಳು. ಭರತನ ನಾಟ್ಯಶಾಸ್ತ್ರ ಹೇಳುವ 33 ವ್ಯಭಿಚಾರಿ ಭಾವಗಳಲ್ಲಿ, ಅಂದರೆ ಬಂದು ಹೋಗುವ ಭಾವಗಳಲ್ಲಿ, ತ್ರಾಸವೂ ಒಂದು. ಅದು ಭಯಾನಕ ರಸದ ಸ್ಥಾಯಿಯಾದ, ಅಂದರೆ ನೆಲೆನಿಲ್ಲುವ, ಭಯವಲ್ಲ. ಸಿಡಿಲು ಬಡಿದಾಗ, ಮೋಡ ಗರ್ಜಿಸಿದಾಗ, ನೆಲ ಅದುರಿದಾಗ ತಟ್ಟನೆ ಹುಟ್ಟಿ ಮೈಯನ್ನು ಅಲುಗಿಸಿಬಿಡುವ ಭಾವ. ನಿಲ್ಲುವ ಭಯಕ್ಕೂ ಬಡಿಯುವ ಭಯಕ್ಕೂ ನಡುವಿನ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ಎಳೆದ ಶಾಸ್ತ್ರಗ್ರಂಥಗಳು ಕಡಿಮೆ.

ಕನ್ನಡಕ್ಕೆ ಬಂದ ಮೇಲೆ ತ್ರಾಸದ ಕಾವು ಇಳಿಯಿತು. 'ಭಾಳ ತ್ರಾಸ ಆಗೈತಿ' ಎಂದು ಉತ್ತರ ಕರ್ನಾಟಕದಲ್ಲಿ ಯಾರಾದರೂ ಹೇಳಿದರೆ ಅವರು ಹೆದರಿದ್ದಾರೆ ಎಂದಲ್ಲ, ತೊಂದರೆಯಲ್ಲಿದ್ದಾರೆ ಎಂದು ತಿಳಿಯಬೇಕು. ಮರಾಠಿಯಲ್ಲೂ ಹೀಗೆಯೇ. ಇಂಗ್ಲೆಂಡಿನ ಹಳ್ಳಿಗಾಡಿನ ಆಡುಮಾತುಗಳಲ್ಲಿ ಟೆರಿಫೈ ಎಂಬುದಕ್ಕೂ ಕಾಡು, ಪೀಡಿಸು, ಗೋಳುಹುಯ್ದುಕೊ ಎಂಬ ಅರ್ಥವಿತ್ತು. ಪರಸ್ಪರ ಸುಳಿವೇ ಇಲ್ಲದ ಎರಡು ನಾಡುಗಳಲ್ಲಿ ಒಂದೇ ಬೇರಿನ ಪದಗಳು ಭಯದಿಂದ ಉಪದ್ರವದತ್ತ ಜಾರಿವೆ. (ತೂಕದ ತಕ್ಕಡಿಯಾದ ತ್ರಾಸು ಬೇರೆ, ಅದು ಪಾರಸಿಯ ತರಾಜೂ.)

ಲ್ಯಾಟಿನ್‌ನಲ್ಲಿ ನೆಲಕ್ಕೆ ತೆರ್ರಾ ಎಂಬ, ತೆರ್ರೆರೆಯನ್ನೇ ಹೋಲುವ ಹೆಸರಿದೆ. ಅದಕ್ಕೂ ಭಯಕ್ಕೂ ನಂಟಿಲ್ಲ. ತೆರ್ರಾ ಒಣಗು ಎಂಬ ಧಾತುವಿನದು, ನಮ್ಮ ತೃಷೆಯ ಬಂಧು. ಆದರೆ ರೋಮಿನ ನ್ಯಾಯಶಾಸ್ತ್ರಜ್ಞ ಪಾಂಪೋನಿಯಸ್, ಸೀಮೆ ಎಂಬ ಅರ್ಥದ ಟೆರಿಟರಿಯ ಮೂಲರೂಪವನ್ನು ತೆರ್ರೆರೆಯಿಂದಲೇ ಬಿಡಿಸುವ ವಿವರಣೆಯೊಂದನ್ನು ದಾಖಲಿಸಿದ. ಅಧಿಕಾರಿಗೆ ತನ್ನ ಸೀಮೆಯೊಳಗೆ ಜನರನ್ನು ಬೆದರಿಸಿ ಓಡಿಸುವ ಹಕ್ಕಿದೆ, ಆದ್ದರಿಂದ ಆ ಹೆಸರು ಎಂಬುದು ಆ ವಿವರಣೆ. ಭಾಷಾಶಾಸ್ತ್ರ ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಆದರೂ ಆಳುವುದು ಮತ್ತು ನಡುಗಿಸುವುದು ಒಂದೇ ಎಂದು ಒಬ್ಬ ಕಾನೂನು ಪಂಡಿತನಿಗೆ ಸಹಜವಾಗಿ ತೋರಿತು ಎಂಬುದು ನನಗೆ ವ್ಯುತ್ಪತ್ತಿಗಿಂತ ಮುಖ್ಯವಾಗಿ ಕಾಣುತ್ತದೆ.

ಇಂಗ್ಲಿಷಿಗೆ ಮೊದಲು ಬಂದವು ಟೆರರ್ ಮತ್ತು ಟೆರಿಬಲ್, ಫ್ರೆಂಚಿನ ಮೂಲಕ, 1400ರ ಆಸುಪಾಸಿನಲ್ಲಿ. ಟೆರಿಫೈ ಬಂದದ್ದು 16ನೆಯ ಶತಮಾನದಲ್ಲಿ. 'ಬೆದರಿಸಿ ದೂರವಿಡು' ಎಂಬ ಅರ್ಥದ ಡಿಟರ್ ಕೂಡ ಅದೇ ಶತಮಾನದ್ದು, ಅದೇ ತೆರ್ರೆರೆಯದು. 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲಿನಲ್ಲೂ ಟೆರಿಫೈ ಇದೆ. ಅದರಲ್ಲಿ ಸಂತ ಪೌಲನು ಕೊರಿಂಥದವರಿಗೆ, ಪತ್ರ ಬರೆದು ನಿಮ್ಮನ್ನು ಹೆದರಿಸುವವನಂತೆ ಕಾಣಲು ನನಗೆ ಇಷ್ಟವಿಲ್ಲ ಎನ್ನುವಾಗ ಬಳಕೆಯಾಗಿರುವುದು ಇದೇ ಕ್ರಿಯಾಪದ.

ಮುಂದೆ ಈ ಬಳಗದ ಗುಣವಾಚಕಗಳು ದಾರಿ ಬದಲಿಸಿದವು. ಟೆರಿಬಲ್ ಎಂಬುದಕ್ಕೆ ಒಂದು ಕಾಲಕ್ಕೆ ಭಯಭಕ್ತಿ ಹುಟ್ಟಿಸುವ ಎಂಬ ಗೌರವದ ಅರ್ಥವಿತ್ತು. ರಷ್ಯಾದ ದೊರೆ ನಾಲ್ಕನೆಯ ಇವಾನನ (1530–1584) ಬಿರುದು ಗ್ರೋಜ್ನಿ. ಶತ್ರುಗಳ ಎದೆ ನಡುಗಿಸುವವನು ಎಂದು ಭಾವ. ಅದನ್ನು ಟೆರಿಬಲ್ ಎಂದು ಇಂಗ್ಲಿಷಿಗೆ ತಂದಾಗ ಅನುವಾದ ಸರಿಯಾಗಿಯೇ ಇತ್ತು. ಈಗ ಕೆಟ್ಟ ಊಟ, ಕೆಟ್ಟ ರಸ್ತೆಗೂ ಟೆರಿಬಲ್ ಎನ್ನುವುದರಿಂದ ಆ ಬಿರುದು ಬರಿಯ ಬೈಗುಳವಾಗಿ ಕೇಳಿಸುತ್ತದೆ. ಟೆರಿಫಿಕ್ ಇನ್ನೂ ದೂರ ಹೋಯಿತು. 1667ರ 'ಪ್ಯಾರಡೈಸ್ ಲಾಸ್ಟ್' ಕಾವ್ಯದಲ್ಲಿ ಮಿಲ್ಟನ್ ಸರ್ಪದ ಕೇಸರವನ್ನು ವರ್ಣಿಸಲು ಅದನ್ನು ಬಳಸಿದಾಗ ಅದು ನಡುಕ ಹುಟ್ಟಿಸುವ ಪದ. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲೂ ಅದೇ ಅರ್ಥ. 19ನೆಯ ಶತಮಾನದಲ್ಲಿ ಮೊದಲು 'ಬಹಳ ಜೋರಾದ' ಎಂದಾಯಿತು, ಶತಮಾನದ ಕೊನೆಗೆ 'ಅತ್ಯುತ್ತಮ' ಎಂದಾಯಿತು.

ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನೂ ಇರಬಾರದು. ಭಯ ಮತ್ತು ಕರ ಸೇರಿ ಭಯಂಕರವಾಗಿದೆ; ಟೆರಿಫಿಕ್ ಪದದ ಲ್ಯಾಟಿನ್ ಮೂಲ ಕೂಡ ಹೀಗೆಯೇ ಭಯವನ್ನು ಮಾಡುವಂಥದ್ದು. ಭಯಂಕರ ಮಳೆ ಎನ್ನುವಾಗ ಅದು ಜೋರಾದ ಮಳೆ, ಭಯಂಕರ ಖುಷಿ ಎನ್ನುವಾಗ ಭಯದ ಲವಲೇಶವೂ ಇಲ್ಲ. ಹಳ್ಳಿಗಾಡಿನ ಆಡುಮಾತುಗಳನ್ನು ಬಿಟ್ಟರೆ, ಟೆರಿಫೈ ಮಾತ್ರ ತನ್ನ ಅಕ್ಕತಂಗಿಯರಂತೆ ಹಗುರಾಗಲಿಲ್ಲ. ಗುಣವಾಚಕ ಮಳೆಗೂ ಖುಷಿಗೂ ಅಂಟಿಕೊಳ್ಳಬಲ್ಲದು. ಈ ಕ್ರಿಯಾಪದಕ್ಕಾದರೋ ಕರ್ಮಸ್ಥಾನದಲ್ಲಿ ಹೆದರುವ ಒಂದು ಜೀವ ಇರಲೇಬೇಕು. ಆ ಜೀವವೇ ಅದರ ಅರ್ಥವನ್ನು ಕಾಯ್ದಿದೆ ಎಂದು ನನ್ನ ಎಣಿಕೆ.

ಫ್ರೆಂಚ್ ಕ್ರಾಂತಿ ಈ ಪದಕುಟುಂಬಕ್ಕೆ ರಾಜಕೀಯದ ಬಣ್ಣ ಬಳಿಯಿತು. 1793ರ ಸೆಪ್ಟೆಂಬರಿನಿಂದ, ಕ್ರಾಂತಿಯ ನಾಯಕ ರೋಬೆಸ್ಪಿಯರ್‌ನ ತಲೆಯೇ ಗಿಲೊಟಿನ್‌ಗೆ ಬಿದ್ದ 1794ರ ಜುಲೈ 28ರವರೆಗೆ, ಸರಕಾರವೇ ಭಯ ಹುಟ್ಟಿಸಿ ಆಳಿದ ತಿಂಗಳುಗಳಿಗೆ ಟೆರರ್ ಎಂದೇ ಹೆಸರಾಯಿತು. ಟೆರರಿಸ್ಟ್ ಮತ್ತು ಟೆರರಿಸಂ ಪದಗಳು 1795ರ ಹೊತ್ತಿಗೆ ಇಂಗ್ಲಿಷಿಗೆ ಬಂದವು. ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್ ಅವನ್ನು ಪ್ರಯೋಗಿಸಿದ ಮೊದಲಿಗರಲ್ಲೊಬ್ಬ. ಭವ್ಯತೆಯ ಅನುಭವದ ತಿರುಳು ಭಯ ಎಂದು 1757ರಲ್ಲಿ ಸೌಂದರ್ಯಮೀಮಾಂಸೆ ಬರೆದವನೂ ಅವನೇ. ಆಗ ಟೆರರಿಸ್ಟ್ ಎಂದರೆ ಸರಕಾರ ನಡೆಸುತ್ತಿದ್ದವನು. ಸರಕಾರದ ವಿರುದ್ಧ ನಿಂತವನಿಗೆ ಆ ಹೆಸರು ಅಂಟಿದ್ದು ಆಮೇಲೆ. 19ನೆಯ ಶತಮಾನದಲ್ಲಿ ಟೆರರೈಸ್ ಎಂಬ ಇನ್ನೊಂದು ಕ್ರಿಯಾಪದ ಹುಟ್ಟಿಕೊಂಡಿತು. ಉದ್ದೇಶವಿಟ್ಟು, ಮತ್ತೆ ಮತ್ತೆ ಹೆದರಿಸುವುದು ಅದರ ಪಾಲಿಗೆ ಹೋಯಿತು. ಟೆರಿಫೈಗೆ ಉದ್ದೇಶ ಬೇಕಿಲ್ಲ. ಬಿರುಗಾಳಿ, ಎತ್ತರದ ಜಾಗ, ಬರಿಯ ಒಂದು ಯೋಚನೆಯೂ ಅದರ ಕರ್ತೃ ಆಗಬಹುದು.

ಅನುವಾದಕರು ಎಡವುವುದು ಇಲ್ಲಿಯೇ. ಕನ್ನಡದ ಹೆದರಿಸು ಎಂಬುದಕ್ಕೆ ಬೇಕೆಂದೇ ಮಾಡುವವನೊಬ್ಬ ಇರಬೇಕು: ಗುಮ್ಮ ಬಂತೆಂದು ಮಗುವನ್ನು ಹೆದರಿಸುತ್ತಾರೆ, ಕೋಲು ಹಿಡಿದು ಹೆದರಿಸುತ್ತಾರೆ. 'ಆ ಯೋಚನೆ ನನ್ನನ್ನು ಹೆದರಿಸಿತು' ಎಂಬುದು ವ್ಯಾಕರಣಕ್ಕೆ ಸರಿ, ಕಿವಿಗೆ ಸರಿಯಲ್ಲ. ಕನ್ನಡದಲ್ಲಿ ಭಯ 'ನನಗೆ' ಆಗುತ್ತದೆ. ಗುಡುಗಿಗೆ, ಹಾವಿಗೆ, ಅಪ್ಪನಿಗೆ ಹೆದರುತ್ತೇವೆ. ಕರ್ತೃ ಕರ್ಮಗಳ ಜಾಗವನ್ನೆಲ್ಲ ಚತುರ್ಥಿ ವಿಭಕ್ತಿ ತುಂಬುತ್ತದೆ. ಆದ್ದರಿಂದ 'ನೆನೆಸಿಕೊಂಡರೇ ಎದೆ ಝಲ್ಲೆನ್ನುತ್ತದೆ' ಎಂಬಂಥ ಮಾತೇ ಸಾಕು, ಅದರಲ್ಲಿ ಮೈಯೂ ಇದೆ. ಕ್ರಿಯಾಪದವೇ ಬೇಕೆಂದರೆ ಭಯಪಡಿಸು ಎಂಬುದಕ್ಕಿಂತ ನಡುಗಿಸು ಎಂಬುದು ಮೂಲಕ್ಕೆ ಹತ್ತಿರ.

ಟೆರರಿಸಂಗೆ ಹಿಂದಿ ಆತಂಕವಾದ ಎಂದಿತು. ಕನ್ನಡದಲ್ಲಿ ಆತಂಕ ಎಂದರೆ ಚಿಂತೆ, ಕಳವಳ. ಮಗಳು ಮನೆಗೆ ಬರುವುದು ತಡವಾದರೆ ಆಗುವಂಥದ್ದು. ಹಾಗಾಗಿ ಕನ್ನಡ ಪತ್ರಿಕೆಗಳಲ್ಲಿ ಭಯೋತ್ಪಾದನೆ ನೆಲೆಯೂರಿತು. ಅದರಲ್ಲಿ ತ್ರಸ್ ಧಾತು ಇಲ್ಲ. ಆ ಧಾತು ಇರುವುದು ಅದೇ ಸುದ್ದಿಯ ಇನ್ನೊಂದು ಪದದಲ್ಲಿ: ಸಂತ್ರಸ್ತ. ನೆರೆ ಸಂತ್ರಸ್ತರು, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಮುಳುಗಡೆ ಸಂತ್ರಸ್ತರು, ಬಾಂಬ್ ಸ್ಫೋಟದ ಸಂತ್ರಸ್ತರು. ಇಂಗ್ಲಿಷಿನಲ್ಲಿ ಈ ಧಾತು ಹೆದರಿಸುವವರ ಹೆಸರಾಯಿತು, ಕನ್ನಡದಲ್ಲಿ ನಡುಗಿದವರ ಹೆಸರಾಗಿ ಉಳಿಯಿತು.