ಜೀಪಿಗಿದ್ದ ಬಲ ವ್ಯಾನಿಗೇಕೆ ಬರಲಿಲ್ಲ?

ದಕ್ಷಿಣ ಕನ್ನಡದ ರಸ್ತೆಗಳಲ್ಲಿ ದಶಕಗಳ ಕಾಲ ಎರಡು ವಾಹನಗಳು ಎದ್ದು ಕಾಣುತ್ತಿದ್ದವು. ಬೆಳ್ತಂಗಡಿ, ಸುಳ್ಯದ ಒಳದಾರಿಗಳಲ್ಲಿ ಜೀಪು; ಮಂಗಳೂರು ಪೇಟೆಯಲ್ಲಿ ಮಾರುತಿ ಓಮ್ನಿ. ಮಳೆಗಾಲದ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದಾಗ ಇವೆರಡರ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತಿತ್ತು.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕಾಗಿ. ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 1945ರಲ್ಲಿ ಆರಂಭವಾದ, ಮುಂದೆ ಮಹೀಂದ್ರ ಎಂದು ಹೆಸರಾದ ಸಂಸ್ಥೆಯು ಸ್ವಾತಂತ್ರ್ಯದ ಬಳಿಕ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. ಹೆಚ್ಚುವರಿ ಗೇರಿನ ಸನ್ನೆಯೊಂದನ್ನು ಎಳೆದರೆ ಇಂಜಿನಿನ ಬಲ ಮುಂದಿನ ಚಕ್ರಗಳಿಗೂ ಹರಿಯುವುದೇ ಇದರ ವೈಶಿಷ್ಟ್ಯ. ಹಿಂದಿನ ಚಕ್ರ ಕೆಸರಿನಲ್ಲಿ ಸುತ್ತಿದರೂ ಮುಂದಿನವು ಗಾಡಿಯನ್ನು ಎಳೆಯುತ್ತವೆ. ಆದರೆ ಎಲ್ಲ ಜೀಪುಗಳಿಗೂ ಈ ಸೌಲಭ್ಯವಿರಲಿಲ್ಲ. ಕಡಿಮೆ ಬೆಲೆಯ ಎರಡು ಚಕ್ರ ಚಾಲನೆಯ ಜೀಪುಗಳೂ ಮಾರಾಟವಾದವು.

1984ರಲ್ಲಿ ಬಂದ ಮಾರುತಿ ವ್ಯಾನೇ ಮುಂದೆ ಓಮ್ನಿಯಾಯಿತು. 796 ಸಿ.ಸಿ.ಯ ಪುಟ್ಟ ಇಂಜಿನ್ ಮುಂದಿನ ಸೀಟಿನಡಿ, ತಳ್ಳುವ ಬಲ ಮಾತ್ರ ಹಿಂದಿನ ಚಕ್ರಗಳಿಗೆ. ಖಾಲಿ ಓಮ್ನಿಯ ಹಿಂಭಾಗ ಹಗುರ. ಹೀಗಾಗಿ ಕೆಮ್ಮಣ್ಣಿನ ಏರಿನಲ್ಲಿ ಚಕ್ರ ಬೇಗ ಜಾರುತ್ತದೆ. ಹಿಂದೆ ಜನ ಕುಳಿತರೆ ಹಿಡಿತ ಹೆಚ್ಚುತ್ತದೆ. ಜಪಾನಿನಲ್ಲಿ ಸುಝುಕಿಯ ಕ್ಯಾರಿ ವ್ಯಾನು ನಾಲ್ಕು ಚಕ್ರ ಚಾಲನೆಯಲ್ಲೂ ದೊರೆಯುತ್ತಿತ್ತು. ನಮ್ಮ ಓಮ್ನಿ 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ಎರಡು ಚಕ್ರಗಳ ಬಲದಲ್ಲೇ ಓಡಿತು.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಹೆಚ್ಚುವರಿ ಗೇರು, ಶಾಫ್ಟ್, ಮುಂದಿನ ಡಿಫರೆನ್ಶಿಯಲ್ ಸೇರಿದರೆ ಬೆಲೆ, ತೂಕ, ಇಂಧನದ ಖರ್ಚು, ರಿಪೇರಿ ಎಲ್ಲವೂ ಏರುತ್ತವೆ. ದಿನವಿಡೀ ಡಾಮರು ರಸ್ತೆಯಲ್ಲಿ ಓಡುವ ಬಾಡಿಗೆ ವ್ಯಾನಿಗೆ ಅದು ಹೊರೆಯೇ ಸರಿ. ಅಲ್ಲದೆ, ಹಳೆಯ ಜೀಪಿನ ಮಾದರಿಯ ವ್ಯವಸ್ಥೆಯನ್ನು ಒಣ ಡಾಮರಿನ ಮೇಲೆ ಬಳಸುವಂತಿಲ್ಲ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆಯಾಗುವುದರಿಂದ ಗೇರು, ಶಾಫ್ಟುಗಳ ಮೇಲೆ ಒತ್ತಡ ಬಿದ್ದು ಟೈರೂ ಸವೆಯುತ್ತದೆ.

ಇನ್ನೊಂದು ತಪ್ಪು ಕಲ್ಪನೆ ಅಪಾಯಕಾರಿ. ನಾಲ್ಕು ಚಕ್ರಗಳ ಚಾಲನೆ ಗಾಡಿಯನ್ನು ಹೊರಡಿಸಲು, ಹತ್ತಿಸಲು ನೆರವಾಗುತ್ತದೆ, ನಿಲ್ಲಿಸಲು ಅಲ್ಲ. ಬ್ರೇಕು ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಕಾಪಾಡುವುದು ಒಳ್ಳೆಯ ಟೈರು ಮತ್ತು ನಿಧಾನಗತಿ.

ಆದ್ದರಿಂದ ಆಂಬುಲೆನ್ಸ್ ಕೊಳ್ಳುವ ಊರು ಮೊದಲು ಕೇಳಿಕೊಳ್ಳಬೇಕಾದದ್ದು ತನ್ನ ದಾರಿಯನ್ನು. ರೋಗಿಯ ಮನೆಯಂಗಳದ ತನಕ ಡಾಮರು ಇದ್ದರೆ ಎರಡು ಚಕ್ರಗಳ ಬಲ ಸಾಕು. ಕೊನೆಯ ಮೈಲು ಕೆಸರಿನ ಏರಾಗಿದ್ದರೆ, ನಾಲ್ಕು ಚಕ್ರಗಳ ಖರ್ಚು ದುಂದಲ್ಲ.